ಮೀರಾ ರೋಡಿನ ಗೇಟಿನಲ್ಲಿ ಅಡ್ಡಹೆಸರು ಕೇಳುವವರು

ಮುಂಬಯಿಯ ಪಶ್ಚಿಮ ರೈಲುಮಾರ್ಗದಲ್ಲಿ ದಹಿಸರ್ ದಾಟಿದೊಡನೆ ಬರುವ ನಿಲ್ದಾಣ ಮೀರಾ ರೋಡ್. ಬೃಹನ್ಮುಂಬಯಿ ಪಾಲಿಕೆಯ ಸರಹದ್ದು ಅಷ್ಟರಲ್ಲಿ ಮುಗಿದಿರುತ್ತದೆ. ಠಾಣೆ ಜಿಲ್ಲೆ ಆರಂಭವಾಗಿರುತ್ತದೆ. ಒಂದು ಕಾಲಕ್ಕೆ ಉಪ್ಪಿನ ಗದ್ದೆಗಳೂ ಆಗ್ರಿ, ಕೋಳಿ, ಈಸ್ಟ್ ಇಂಡಿಯನ್ ಕ್ರೈಸ್ತರ ಹಳ್ಳಿಗಳೂ ಇದ್ದ ಈ ನೆಲದಲ್ಲಿ 2001ರ ಜನಗಣತಿಯ ಹೊತ್ತಿಗೆ 5.2 ಲಕ್ಷ, 2011ರ ಹೊತ್ತಿಗೆ 8 ಲಕ್ಷಕ್ಕೂ ಮೀರಿದ ಜನ ನೆಲೆಸಿದ್ದರು. ಮೀರಾ-ಭಾಯಂದರ್ ಮಹಾನಗರಪಾಲಿಕೆ ರಚನೆಯಾದದ್ದು 2002ರಲ್ಲಿ. ಊರಿಗಿಂತ ಊರಿನ ಕುರಿತಾದ ಅಭಿಪ್ರಾಯಗಳು ವೇಗವಾಗಿ ಬೆಳೆದವು ಎಂದರೆ ಅತಿಶಯೋಕ್ತಿಯಾಗದು.

ದಕ್ಷಿಣ ಮುಂಬಯಿಯ ನಿವಾಸಿಗೆ ಮೀರಾ ರೋಡ್ ಎಂದರೆ ಅಗ್ಗದ ಫ್ಲ್ಯಾಟುಗಳ ಊರು, ಕಿಕ್ಕಿರಿದ ಲೋಕಲ್ಲಿನ ಊರು. 2015ರ ಸೆಪ್ಟೆಂಬರಿನಲ್ಲಿ ವೃತ್ತಪತ್ರಿಕೆ ಓದಿದವನಿಗೆ ಅದು ಪರ್ಯುಷಣದ ಎಂಟು ದಿನ ಮಾಂಸ ಮಾರಾಟ ನಿಷೇಧಿಸಹೊರಟ ‘ಜೈನರ ಊರು’. 2024ರ ಜನವರಿಯಲ್ಲಿ ದೂರದರ್ಶನ ನೋಡಿದವನಿಗೆ ಅದೇ ಊರು ನಯಾ ನಗರದ ಘರ್ಷಣೆಯ, ಎರಡು ದಿನಗಳ ಅನಂತರ ಬಂದ ಬುಲ್‌ಡೋಜರುಗಳ ‘ಮುಸಲ್ಮಾನರ ಊರು’. 2025ರ ಜುಲೈನಲ್ಲಿ, ಮರಾಠಿ ಮಾತನಾಡಲಿಲ್ಲವೆಂದು ಮಿಠಾಯಿ ಅಂಗಡಿಯವರೊಬ್ಬರಿಗೆ ಬಿದ್ದ ಪೆಟ್ಟಿನ ದೃಶ್ಯ ದೇಶವೆಲ್ಲ ಹರಿದಾಡಿ, ವರ್ತಕರ ಪ್ರತಿಭಟನೆಗೆ ಉತ್ತರವಾಗಿ 8ನೆಯ ತಾರೀಖಿನಂದು ಮರಾಠಿ ಮೋರ್ಚಾ ಹೊರಟಾಗ, ಅದು ‘ಮಾರವಾಡಿಗಳ ಊರು’ ಆಯಿತು. ಹತ್ತು ವರ್ಷಗಳಲ್ಲಿ ಮೂರು ಹೆಸರು. ಮೂರರಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ; ಯಾವುದೂ ಅಲ್ಲಿ ಬಾಳುವವನ ಅನುಭವವಲ್ಲ.

ಬೆಳಿಗ್ಗೆ ಆರೂವರೆಗೆ ಸ್ಟೇಷನ್ನಿನ ಪೂರ್ವ ಭಾಗದಲ್ಲಿ ನಿಂತರೆ ಈ ಮೂರೂ ಹೆಸರುಗಳು ಒಂದೇ ರಿಕ್ಷಾದಿಂದ ಇಳಿಯುತ್ತವೆ. ಉತ್ತನ್ನಿನ ಮೀನುಗಾರ್ತಿಯ ಬುಟ್ಟಿ, ದೇರಾಸರಕ್ಕೆ ಹೊರಟ ಗುಜರಾತಿ ಅಜ್ಜಿಯ ಅಕ್ಕಿಯ ಡಬ್ಬಿ, ಆಜಂಗಢದ ದರ್ಜಿಯ ಟಿಫಿನ್, ಕುಂದಾಪುರದ ಹೋಟೆಲ್ ಮಾಣಿಯ ಚೀಲ, ಎಲ್ಲವೂ ಒಂದೇ ಮೇಲ್ಸೇತುವೆಯ ಮೆಟ್ಟಿಲು ಹತ್ತುತ್ತವೆ. ಅಲ್ಲಿ ಯಾರೂ ಯಾರ ಅಡ್ಡಹೆಸರನ್ನೂ ಕೇಳುವುದಿಲ್ಲ. ಕೇಳುವುದು ಸಂಜೆ, ಹೌಸಿಂಗ್ ಸೊಸೈಟಿಯ ಗೇಟಿನಲ್ಲಿ. ಅಲ್ಲಿ ಕೇಳುವವರಲ್ಲಿ ಕನ್ನಡ ಜೈನರೂ ಇದ್ದಾರೆ ಎಂಬುದೇ ಈ ಲೇಖನದ ತಕರಾರು.

ಮನೆ ಬಾಡಿಗೆಗೆ ಹುಡುಕುವ ಕನ್ನಡ ಜೈನ ಕುಟುಂಬದ ಸ್ಥಿತಿಯನ್ನು ಗಮನಿಸಬೇಕು. ಕಾರ್ಕಳ, ಮೂಡುಬಿದಿರೆಯ ಕಡೆಯವರಾದರೆ ಹೆಸರಿನ ಕೊನೆಗೆ ಶೆಟ್ಟಿ, ಹೆಗ್ಡೆ, ಬಲ್ಲಾಳ, ಅರಿಗ ಎಂದಿರುತ್ತದೆ. ಮುಂಬಯಿಯ ಬ್ರೋಕರನಿಗೆ ಶೆಟ್ಟಿ ಎಂದರೆ ಹೋಟೆಲಿನವರು, ಮೀನು ತಿನ್ನುವವರು, ಅಷ್ಟೇ. ಬೆಳಗಾವಿ, ಚಿಕ್ಕೋಡಿ, ಸಾಂಗಲಿಯ ಕಡೆಯವರಾದರೆ ಪಾಟೀಲ, ಚೌಗಲೆ. ಅವರನ್ನು ಮರಾಠರೆಂದು ತಿಳಿಯಲಾಗುತ್ತದೆ. ಮಗದುಮ್ ಎಂಬ ಅಡ್ಡಹೆಸರಿನವರ ಪಾಡಂತೂ ಹೇಳತೀರದು. ಕೃಷ್ಣಾ ತೀರದ ಎಷ್ಟೋ ತಲೆಮಾರುಗಳ ಶ್ರಾವಕ ಮನೆತನ, ಸೂರ್ಯಾಸ್ತದೊಳಗೆ ಊಟ ಮುಗಿಸುವ ಮನೆ, ಚತುರ್ದಶಿಗೆ ಉಪವಾಸ ಹಿಡಿಯುವ ತಾಯಿ. ಆದರೆ ಫೋನಿನಲ್ಲಿ ಹೆಸರು ಕೇಳಿದೊಡನೆ ‘ಮನೆ ನಿನ್ನೆಯೇ ಹೋಯಿತು’ ಎಂಬ ಉತ್ತರ. ಹೆಸರಿನ ಧ್ವನಿ ಮುಸಲ್ಮಾನರದ್ದೆಂದು ಕೇಳಿಸಿತು, ಇಷ್ಟೇ ಅಪರಾಧ.

ಆಗ ಕುಟುಂಬ ಮಾಡುವುದೇನು? ‘ನಾವು ಜೈನರು’ ಎಂದು ವಿವರಿಸುತ್ತದೆ. ಎದುರಿನವರ ಮುಖ ಅರಳುತ್ತದೆ. ‘ಅರೆ, ಜೈನ್ ಹೋ! ಪೆಹ್ಲೇ ಬೋಲ್ನಾ ಥಾ.’ ಬೀಗದಕೈ ಕೈಗೆ ಬರುತ್ತದೆ. ಮಗುವನ್ನು ಶಾಲೆಗೆ ಸೇರಿಸುವಾಗ ಅಡ್ಡಹೆಸರಿನ ಜಾಗದಲ್ಲಿ ‘ಜೈನ್’ ಎಂದೇ ಬರೆಸುತ್ತಾರೆ. ಮಗದುಮ್ ಎಂಬ ಹೆಸರು ಅಜ್ಜನ ಹೊಲದ ಉತಾರದಲ್ಲಿ ಮಾತ್ರ ಉಳಿಯುತ್ತದೆ. ಆ ಕುಟುಂಬದ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳಬೇಕಿತ್ತು: ತಾವು ನಿಜವಾಗಿಯೂ ಮುಸಲ್ಮಾನರಾಗಿದ್ದರೆ ಆ ನಿರಾಕರಣೆ ನ್ಯಾಯವಾಗುತ್ತಿತ್ತೆ? ಈ ಪ್ರಶ್ನೆ ಏಳುವುದಿಲ್ಲ. ಏಳುವುದು ‘ನಮ್ಮನ್ನು ತಪ್ಪು ತಿಳಿದರು’ ಎಂಬ ಅಸಮಾಧಾನ ಮಾತ್ರ. ತಪ್ಪು ಮನೆಗೆ ಅಂಚೆ ಬಂದಿತೆಂಬ ದೂರು ಅದು. ಅಂಚೆಯಲ್ಲಿ ಏನು ಬರೆದಿತ್ತೆಂಬುದರ ಬಗೆಗಲ್ಲ.

ಹತ್ತು ವರ್ಷಗಳ ಅನಂತರ ಅದೇ ಕುಟುಂಬದ ಯಜಮಾನರು ಸೊಸೈಟಿಯ ಕಮಿಟಿಯಲ್ಲಿ ಖಜಾಂಚಿಯಾಗಿರುತ್ತಾರೆ. ಬಾಡಿಗೆದಾರರ ಅರ್ಜಿ ಮೇಜಿನ ಮೇಲೆ ಬರುತ್ತದೆ. ಗುಜರಾತಿ ಅಧ್ಯಕ್ಷರು ಏನನ್ನಾದರೂ ಹೇಳುವ ಮೊದಲೇ ‘ನಾನ್‌ವೆಜ್‌ನವರು ಬೇಡ’ ಎಂದು ನುಡಿಯುವವರು ಇವರು. ತಡವಾಗಿ ಒಳಬಂದವನಿಗೆ ಬಾಗಿಲು ಮುಚ್ಚುವ ಅವಸರ ಹೆಚ್ಚು. ಉಳಿದ ಜೈನರ ಎದುರು ತಾನೂ ಪಕ್ಕಾ ಜೈನನೆಂದು ತೋರಿಸಿಕೊಳ್ಳುವ ಕಾತರ ಇದರ ಹಿಂದೆ ಇದೆ. ಏಕೆಂದರೆ ಗುಜರಾತಿ-ಮಾರವಾಡಿ ಬಂಧುಗಳ ಕಣ್ಣಿನಲ್ಲಿ ಕನ್ನಡ ಜೈನ ಇಂದಿಗೂ ‘ಸೌತ್ ಇಂಡಿಯನ್’. ಇಡ್ಲಿ ತಿನ್ನುವ ಜೈನನೂ ಇರುತ್ತಾನೆಯೇ ಎಂದು ಅಚ್ಚರಿಪಡುವವರು ಇನ್ನೂ ಇದ್ದಾರೆ.

ಆಹಾರದ ವಾದವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಕಂದಮೂಲವನ್ನೂ ಬಿಟ್ಟಿರುವ ವೃದ್ಧೆಗೆ ಪಕ್ಕದ ಅಡುಗೆಮನೆಯಿಂದ ಮೀನು ಹುರಿಯುವ ವಾಸನೆ ಬಂದರೆ ಆಗುವ ಸಂಕಟ ನಿಜವಾದದ್ದು. ಅಹಿಂಸೆ ಆಕೆಯ ಪಾಲಿಗೆ ಫ್ಯಾಷನ್ನಲ್ಲ, ನಿತ್ಯದ ವ್ರತ. ಆದರೆ ಸೊಸೈಟಿಗಳಲ್ಲಿ ನಡೆಯುತ್ತಿರುವುದು ವಾಸನೆಯ ನಿವಾರಣೆಯೇ? ಚಿಮಣಿ ಹಾಕಿಸಿ, ಕಸವನ್ನು ಮುಚ್ಚಿದ ಡಬ್ಬಿಯಲ್ಲಿಡಿ, ಮೆಟ್ಟಿಲ ಬಳಿ ಮೀನು ತೊಳೆಯಬೇಡಿ ಎಂದು ನಿಯಮ ಮಾಡಿದರೆ ಅದು ಎಲ್ಲರಿಗೂ ಅನ್ವಯಿಸುವ ಶುಚಿತ್ವದ ನಿಯಮ, ಯಾರೂ ಆಕ್ಷೇಪಿಸಲಾರರು. ಆದರೆ ಕೇಳುವುದು ಅಡುಗೆಯನ್ನಲ್ಲ, ಹೆಸರನ್ನು. ಶುದ್ಧ ಸಸ್ಯಾಹಾರಿಯಾದ ಮುಸಲ್ಮಾನ ಇಂಜಿನಿಯರ್ ಬಂದರೆ ಮನೆ ಸಿಗುವುದಿಲ್ಲ. ಶನಿವಾರ ರಾತ್ರಿ ಹೊರಗೆ ತಂದೂರಿ ತಿಂದುಬರುವ ಜೈನ ಯುವಕನಿಗೆ ಸಿಗುತ್ತದೆ. ಈ ಎರಡೂ ಸಂಗತಿಗಳು ಎಲ್ಲ ಕಮಿಟಿ ಸದಸ್ಯರಿಗೂ ಗೊತ್ತು. ಆದುದರಿಂದಲೇ ಇಂಥ ನಿರ್ಣಯಗಳು ನಡಾವಳಿ ಪುಸ್ತಕದಲ್ಲಿ ದಾಖಲಾಗುವುದು ಅಪರೂಪ. ಲಿಫ್ಟಿನ ದುರಸ್ತಿಗೆ ಮೂರು ಕೊಟೇಶನ್ ತರಿಸಿ ಸಹಿ ಹಾಕುವ ಕಮಿಟಿ, ಒಂದು ಕುಟುಂಬವನ್ನು ಹೊರಗಿಡುವ ತೀರ್ಮಾನವನ್ನು ಮಾತ್ರ ಬಾಯಿಮಾತಿನಲ್ಲಿ ಮುಗಿಸುತ್ತದೆ. ಸೆಕ್ರೆಟರಿ ಬ್ರೋಕರನಿಗೆ ಹೇಳುತ್ತಾನೆ, ಬ್ರೋಕರ್ ವಾಚ್‌ಮನ್ನನಿಗೆ. ಬರೆದಿಡಲು ನಾಚಿಕೆಯಾಗುವ ವ್ಯವಹಾರವನ್ನು ಯಾವ ಲೆಕ್ಕಪರಿಶೋಧಕನೂ ಶುದ್ಧ ವ್ಯವಹಾರವೆಂದು ಪ್ರಮಾಣೀಕರಿಸಲಾರ.

ಬರೆಯದ ಈ ನಿಯಮಕ್ಕೆ ಬೆಲೆಯೂ ಇದೆ. ಅದು ಆಯವ್ಯಯ ಪತ್ರದ ಯಾವ ಸಾಲಿನಲ್ಲಿಯೂ ಕಾಣುವುದಿಲ್ಲ. ಅರವತ್ತು ಫ್ಲ್ಯಾಟುಗಳ ಒಂದು ಸೊಸೈಟಿಯಲ್ಲಿ ಹನ್ನೆರಡು ಬಾಡಿಗೆಯವೆಂದೂ, ತಿಂಗಳ ಬಾಡಿಗೆ 22,000 ರೂಪಾಯಿಯೆಂದೂ ಇಟ್ಟುಕೊಳ್ಳೋಣ. ‘ಸರಿಯಾದ’ ಬಾಡಿಗೆದಾರನಿಗಾಗಿ ಕಾಯುತ್ತ ಪ್ರತಿಯೊಂದೂ ವರ್ಷಕ್ಕೆ ಎರಡು ತಿಂಗಳು ಬೀಗ ಹಾಕಿಕೊಂಡಿದ್ದರೆ ಮಾಲೀಕರ ಒಟ್ಟು ನಷ್ಟ 5,28,000 ರೂಪಾಯಿ. ಮೇಂಟೆನೆನ್ಸ್ ಮಾತ್ರ ತಪ್ಪದೆ ಕಟ್ಟಬೇಕು. ಬಾಡಿಗೆಗಿದ್ದಾಗ ಸೊಸೈಟಿಗೆ ಬರುವ ನಾನ್-ಆಕ್ಯುಪೆನ್ಸಿ ಶುಲ್ಕವೂ ಆ ಎರಡು ತಿಂಗಳು ಇಲ್ಲ. ಈ ಶುಲ್ಕ ಸೇವಾಶುಲ್ಕದ ಶೇಕಡಾ 10ನ್ನು ಮೀರಬಾರದೆಂದು ಮಹಾರಾಷ್ಟ್ರ ಸರಕಾರ 2001ರಲ್ಲಿಯೇ ಆದೇಶಿಸಿದೆ. ವರ್ಗಾವಣೆಯ ಪ್ರೀಮಿಯಂಗೂ 25,000 ರೂಪಾಯಿಯ ಮಿತಿ ಇದೆ. ಆದರೂ ‘ಬೇಡದ’ ಖರೀದಿದಾರ ಬಂದಾಗ ಅದರ ಮೇಲೊಂದು ‘ಸ್ವಯಂಪ್ರೇರಿತ ದೇಣಿಗೆ’ ಹುಟ್ಟಿಕೊಳ್ಳುವುದುಂಟು. ಪ್ರೇರಣೆ ಯಾರದ್ದೆಂದು ಕೇಳಬಾರದು. ಮಗಳ ಮದುವೆಗೆಂದು ಫ್ಲ್ಯಾಟ್ ಮಾರಹೊರಟ ಮಧ್ಯಮವರ್ಗದ ಜೈನನೇ ಈ ಬೇಲಿಯ ಮೊದಲ ಬಲಿ: ನೂರು ಖರೀದಿದಾರರಿರುವ ಮಾರುಕಟ್ಟೆಯಲ್ಲಿ ಅವನು ಹತ್ತು ಮಂದಿಗೆ ಮಾತ್ರ ಮಾರಬಲ್ಲ, ಆ ಹತ್ತು ಮಂದಿಗೂ ಅದು ಗೊತ್ತು.

ಕಾನೂನು ಏನೆನ್ನುತ್ತದೆ? ಝೋರಾಸ್ಟ್ರಿಯನ್ ಸಹಕಾರಿ ಗೃಹನಿರ್ಮಾಣ ಸಂಘದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2005ರಲ್ಲಿ, ಸದಸ್ಯತ್ವವನ್ನು ಪಾರಸಿಗಳಿಗೆ ಸೀಮಿತಗೊಳಿಸುವ ಉಪನಿಯಮವನ್ನು ಎತ್ತಿಹಿಡಿಯಿತು. ಸಮಾಜದ ವಕೀಲರು ಈ ತೀರ್ಪನ್ನು ಮಂತ್ರದಂತೆ ಪಠಿಸುತ್ತಾರೆ. ಆದರೆ ಅಲ್ಲಿ ಇದ್ದದ್ದು ನೋಂದಾಯಿತವಾದ, ಬರಹದಲ್ಲಿದ್ದ ಉಪನಿಯಮ. ಮೀರಾ ರೋಡಿನ ಸಾಮಾನ್ಯ ಸೊಸೈಟಿ ಎಲ್ಲ ಜಾತಿಯವರಿಂದಲೂ ಹಣ ಪಡೆದು ಬಿಲ್ಡರ್ ಕಟ್ಟಿದ ಕಟ್ಟಡ. ಅದರ ಉಪನಿಯಮಗಳು ಸರಕಾರದ ಮಾದರಿ ಉಪನಿಯಮಗಳ ನಕಲು. ಸಹಕಾರ ಚಳವಳಿಯ ಮೊದಲ ತತ್ವವೇ ಮುಕ್ತ ಸದಸ್ಯತ್ವ. ಆ ತತ್ವದ ಹೆಸರಿನಲ್ಲಿ ನೋಂದಣಿ ಪಡೆದು, ಅದೇ ತತ್ವವನ್ನು ವಾಚ್‌ಮನ್ನನ ಕೈಯಿಂದ ಮುರಿಸುವುದಕ್ಕೆ 2005ರ ತೀರ್ಪಿನಲ್ಲಿ ಆಸರೆಯಿಲ್ಲ.

ಇನ್ನು 2015ರ ಮಾಂಸನಿಷೇಧದ ಪ್ರಕರಣ. ಅದರಲ್ಲಿ ಕನ್ನಡ ಜೈನರಿಗೆ ಸಂಬಂಧಿಸಿದ ಒಂದು ವಿಪರ್ಯಾಸವಿದೆ, ಅದನ್ನು ಯಾರೂ ಎತ್ತಿ ಹೇಳಲಿಲ್ಲ. ನಿಷೇಧದ ಎಂಟು ದಿನಗಳು ಶ್ವೇತಾಂಬರ ಪರಂಪರೆಯ ಪರ್ಯುಷಣದ ದಿನಗಳು. ದಿಗಂಬರರ ದಶಲಕ್ಷಣ ಪರ್ವ ಆರಂಭವಾಗುವುದೇ ಅದು ಮುಗಿಯುವ ಹೊತ್ತಿಗೆ, ಭಾದ್ರಪದ ಶುಕ್ಲ ಪಂಚಮಿಯಂದು. ಅನಂತ ಚತುರ್ದಶಿಯವರೆಗೆ ಹತ್ತು ದಿನ. ಎಂದರೆ ಕನ್ನಡ ಜೈನರ ಪರ್ವದ ದಿನಗಳಲ್ಲಿ ಕಸಾಯಿಖಾನೆಗಳು ಎಂದಿನಂತೆ ತೆರೆದಿರುತ್ತಿದ್ದವು. ನಿಷೇಧವನ್ನು ಮಂಡಿಸಿದ ರಾಜಕಾರಣಿಗಳಿಗೆ ಈ ವ್ಯತ್ಯಾಸ ತಿಳಿದಿತ್ತೆಂದು ನಂಬುವುದು ಕಷ್ಟ. ಅವರಿಗೆ ಬೇಕಾಗಿದ್ದುದು ಧರ್ಮವಲ್ಲ, ಮತದಾರರ ಪಟ್ಟಿಯ ಒಂದು ಅಂಕಣ. ಮುಂಬಯಿಯಲ್ಲಿ ಮಾರಾಟ ನಿಷೇಧಕ್ಕೆ ಹೈಕೋರ್ಟಿನ ತಡೆ ಬಂತು, ಸುಪ್ರೀಂ ಕೋರ್ಟು ಮಧ್ಯೆ ಪ್ರವೇಶಿಸಲು ಒಪ್ಪಲಿಲ್ಲ. ಕೋಪವಂತೂ ಎಲ್ಲ ಜೈನರ ಮೇಲೂ ಸುರಿಯಿತು. ಜೈನ ಬಡಾವಣೆಗಳ ಮುಂದೆ ಕೋಳಿಮಾಂಸ ಮಾರುವ ಪ್ರತಿಭಟನೆ ನಡೆಯಿತು. ಕಚೇರಿಗಳಲ್ಲಿ ಊಟದ ಹೊತ್ತಿನಲ್ಲಿ ‘ನಿಮ್ಮವರು’ ಎಂದು ಬೆರಳು ತೋರಿಸಿಕೊಂಡವರಲ್ಲಿ, ತಮ್ಮ ಪರ್ವ ಇನ್ನೂ ಆರಂಭವೇ ಆಗಿರದ ಕನ್ನಡ ಜೈನರೂ ಇದ್ದರು.

ಆಗ ಸಮಾಜದ ಸಂಘಗಳು ಎದ್ದುನಿಂತು, ತಮ್ಮ ಉಪವಾಸಕ್ಕೆ ಅನ್ಯರ ಅಂಗಡಿ ಮುಚ್ಚುವ ಅಗತ್ಯವಿಲ್ಲವೆಂದು ಹೇಳಬಹುದಿತ್ತು. ಉಪವಾಸವೆಂಬುದು ಇಂದ್ರಿಯನಿಗ್ರಹವಾದರೆ, ಎದುರಿಗೆ ಮಾರಾಟವಿದ್ದಾಗ ಅದರ ಬೆಲೆ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ. ಯಾರೂ ಹೇಳಲಿಲ್ಲ. ಎರಡು ವರ್ಷಗಳ ಅನಂತರ, 2017ರ ಪಾಲಿಕೆ ಚುನಾವಣೆಯಲ್ಲಿ ಮುನಿಯೊಬ್ಬರು ಒಂದು ಪಕ್ಷದ ಪರವಾಗಿ ಮನವಿ ಮಾಡಿದಾಗಲೂ ಮೌನವೇ. ಆ ಪಕ್ಷ 95ರಲ್ಲಿ 61 ಸ್ಥಾನ ಗೆದ್ದಿತು. ಮುನಿಗಳ ಮಾತಿಲ್ಲದೆಯೂ ಬಹುಶಃ ಗೆಲ್ಲುತ್ತಿತ್ತು. ಸೋತ ಪಕ್ಷದವರು ಮುನಿಯನ್ನು ಟೀಕಿಸಿದ ಭಾಷೆ ಅಸಭ್ಯವಾಗಿತ್ತು, ಸಮಾಜ ಅದಕ್ಕೆ ನೊಂದುಕೊಂಡಿತು. ಪಿಂಛಿ-ಕಮಂಡಲವಾಗಲಿ ಓಘೆಯಾಗಲಿ, ಹಿಡಿದ ಕೈ ಮತಪೆಟ್ಟಿಗೆಯತ್ತ ಚಾಚಿದ ಮೇಲೆ ಮತಪೆಟ್ಟಿಗೆಯ ಭಾಷೆಯೇ ಅದರತ್ತ ತಿರುಗಿ ಬರುತ್ತದೆಂಬ ಎಚ್ಚರ ಮೊದಲೇ ಇರಬೇಕಿತ್ತು.

ನಿವಾಸಿಗಳು ತಮ್ಮ ಊರನ್ನು ಕಾಣುವ ಬಗೆಯೂ ನಿರ್ದೋಷವಲ್ಲ. ಹೊರಗಿನವರು ಕೇಳಿದರೆ ‘ಇಲ್ಲಿ ಎಲ್ಲರೂ ಅಣ್ಣತಮ್ಮಂದಿರ ಹಾಗೆ’ ಎನ್ನುತ್ತಾರೆ. ನೆಂಟರು ಮನೆ ಹುಡುಕುವಾಗ ‘ಆ ಕಡೆ ಬೇಡ’ ಎನ್ನುತ್ತಾರೆ. ಆ ಕಡೆ ಎಂದರೆ ನಯಾ ನಗರ. 1992-93ರ ಗಲಭೆಗಳ ಅನಂತರ ಮುಂಬಯಿಯೊಳಗಿನ ಮಿಶ್ರ ಬಡಾವಣೆಗಳನ್ನು ತೊರೆದ ಮುಸಲ್ಮಾನ ಕುಟುಂಬಗಳಲ್ಲಿ ಅನೇಕರು ನೆಲೆ ಕಂಡುಕೊಂಡದ್ದು ಮುಂಬ್ರಾ ಹಾಗೂ ಮೀರಾ ರೋಡಿನಲ್ಲಿ. ಬೇರೆಲ್ಲೂ ಮನೆ ಸಿಗದವರು ಒಂದೆಡೆ ಸೇರಿದರೆ ಅದಕ್ಕೆ ‘ಅವರದೇ ಪ್ರತ್ಯೇಕ ಮೊಹಲ್ಲಾ’ ಎಂಬ ಆರೋಪ. ನಯಾ ನಗರದಲ್ಲಿ ಜೈನನಿಗೆ ಯಾರು ಮನೆ ಕೊಡುತ್ತಾರೆ ಎಂದು ಕೇಳುವವರಿದ್ದಾರೆ. ಕೊಡದಿರಬಹುದು, ಕೇಳಿಕೊಂಡು ಹೋದ ಜೈನರು ಎಷ್ಟು ಮಂದಿ? 2024ರ ಜನವರಿ 21ರ ರಾತ್ರಿ ಧ್ವಜ ಹೊತ್ತ ವಾಹನಗಳ ಮೇಲೆ ನಡೆದ ಹಲ್ಲೆ ಶಿಕ್ಷಾರ್ಹ ಅಪರಾಧ. ಅದಕ್ಕೆ ಪೊಲೀಸರಿದ್ದಾರೆ, ನ್ಯಾಯಾಲಯವಿದೆ. ಆದರೆ ರಸ್ತೆಬದಿಯ ಅಂಗಡಿಗಳ ಮೇಲೆ ಬುಲ್‌ಡೋಜರ್ ಹರಿದಾಗ ಸೊಸೈಟಿಗಳ ವಾಟ್ಸಾಪ್ ಗುಂಪುಗಳಲ್ಲಿ ಮೆರೆದ ಹರ್ಷಕ್ಕೆ ಅಹಿಂಸಾಣುವ್ರತದಲ್ಲಿ ಯಾವ ಹೆಸರಿದೆ? ಪರ್ವ ಮುಗಿದ ಮೇಲೆ ಕ್ಷಮಾವಣಿಯ ಸಂದೇಶಗಳನ್ನು ಕಳುಹಿಸುವ ಬೆರಳುಗಳೇ ಅವನ್ನೂ ಕಳುಹಿಸಿದ್ದವು.

ಸಮಾಜದ ಭಯ ಅರ್ಥವಾಗುವಂಥದು. 2011ರ ಗಣತಿಯಂತೆ ದೇಶದಲ್ಲಿ ಜೈನರು ಸುಮಾರು 44.5 ಲಕ್ಷ, ಮಹಾರಾಷ್ಟ್ರದಲ್ಲಿ 14 ಲಕ್ಷ, ಕರ್ನಾಟಕದಲ್ಲಿ 4.4 ಲಕ್ಷ. 2014ರಲ್ಲಿ ಕೇಂದ್ರವೇ ಅಲ್ಪಸಂಖ್ಯಾತರೆಂದು ಮಾನ್ಯ ಮಾಡಿದ ಸಮುದಾಯ. ಕರಗಿಹೋಗುವ ಅಂಜಿಕೆ ಇರುವವನು ಗೋಡೆ ಕಟ್ಟುತ್ತಾನೆ. ಆದರೆ ಅಲ್ಪಸಂಖ್ಯಾತನಿಗೆ ಗೋಡೆ ಎಷ್ಟರ ರಕ್ಷಣೆ? ಆಹಾರ ನೋಡಿ ಮನೆ ಕೊಡುವ ಹಕ್ಕು ಅವನಿಗಿದ್ದರೆ, ಭಾಷೆ ನೋಡಿ ಅಂಗಡಿ ಇಡಗೊಡುವ ಹಕ್ಕು ಮತ್ತೊಬ್ಬನಿಗೆ ಏಕಿಲ್ಲ? 2023ರಲ್ಲಿ ಮುಲುಂಡಿನಲ್ಲಿ ಮರಾಠಿ ಮಹಿಳೆಯೊಬ್ಬರಿಗೆ ಕಚೇರಿಗೆ ಜಾಗ ನಿರಾಕರಿಸಿದ ದೃಶ್ಯ ಹರಡಿತು. ಮೀರಾ ರೋಡಿನ ಮೋರ್ಚಾದ ಹಿಂದೆ ಇಂಥ ನಿರಾಕರಣೆಗಳ ಸಂಚಿತ ಕಹಿಯೂ ಇತ್ತು. ಅಂಗಡಿಯವರಿಗೆ ಹೊಡೆದದ್ದನ್ನು ಇದು ಸಮರ್ಥಿಸುವುದಿಲ್ಲ. ಹೊಡೆದವರಿಗೆ ಕೈಗೆ ಸಿಕ್ಕ ಕೋಲನ್ನು ಯಾರು ಕಡಿದಿಟ್ಟರೆಂಬುದನ್ನು ಮಾತ್ರ ತೋರಿಸುತ್ತದೆ.

ಕನ್ನಡಿಗನಿಗಂತೂ ಇದನ್ನು ಯಾರೂ ಕಲಿಸಬೇಕಿಲ್ಲ. ಅರುವತ್ತರ ದಶಕದ ಕೊನೆಯಲ್ಲಿ ‘ಲುಂಗಿ ಹಟಾವೊ’ ಎಂಬ ಕೂಗಿಗೆ ಉಡುಪಿ ಹೋಟೆಲುಗಳ ಗಾಜು ಒಡೆದಾಗ ಹೊಡೆಸಿಕೊಂಡವರಲ್ಲಿ ಯಾವ ಹೋಟೆಲಿನವನು ಬಂಟ, ಯಾವನು ಜೈನ ಎಂದು ಯಾರೂ ವಿಚಾರಿಸಲಿಲ್ಲ. ಅದೇ ಕುಟುಂಬಗಳ ಮಕ್ಕಳು ಇಂದು ಬೆಂಗಳೂರಿನ ಮಾರವಾಡಿ ವರ್ತಕನಿಗೆ ‘ಕನ್ನಡ ಮಾತಾಡು, ಇಲ್ಲ ಹೊರಡು’ ಎಂಬ ವಿಡಿಯೊಗಳನ್ನು ಮೀರಾ ರೋಡಿನಲ್ಲಿ ಕುಳಿತು ಹಂಚಿಕೊಳ್ಳುತ್ತಾರೆ. ಮುಂದಿನ ವಾರ ಮರಾಠಿ ಮೋರ್ಚಾವನ್ನು ಗೂಂಡಾಗಿರಿ ಎನ್ನುತ್ತಾರೆ. ಮರಾಠಿ ಕಲಿಯುವುದು ಅಲ್ಲಿ ಬದುಕುವವನ ಕರ್ತವ್ಯ, ಸಂತೋಷವೂ ಹೌದು. ಗಡಿ ಭಾಗದ ಜೈನರು ಎರಡೂ ಭಾಷೆಯನ್ನು ಒಂದೇ ಉಸಿರಿನಲ್ಲಿ ಆಡುತ್ತ ಬಂದವರು.

ಶ್ರವಣಬೆಳಗೊಳದಲ್ಲಿ 1368ರ ಬುಕ್ಕರಾಯನ ಶಾಸನವಿದೆ. ಶ್ರೀವೈಷ್ಣವರಿಂದ ಕಿರುಕುಳವಾದಾಗ ಜೈನರು ಅರಸನಲ್ಲಿ ಮೊರೆಯಿಟ್ಟರು. ಅರಸ ವೈಷ್ಣವರ ಕೈ ಹಿಡಿಸಿ ಜೈನರನ್ನು ಅವರಿಗೆ ಒಪ್ಪಿಸಿದ. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ. ರಾಜ್ಯದ ಜೈನ ಮನೆಗಳಿಂದ ವರ್ಷಕ್ಕೆ ಒಂದೊಂದು ಹಣ ಎತ್ತಿ, ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸಿ, ಉಳಿದ ಹಣದಲ್ಲಿ ಜೀರ್ಣ ಬಸದಿಗಳನ್ನು ಸರಿಪಡಿಸುವ ಏರ್ಪಾಡಾಯಿತು; ಅದನ್ನು ನಡೆಸುವ ಹೊಣೆಯನ್ನು ವಹಿಸಿದ್ದು ವೈಷ್ಣವರಿಗೆ! ಜೈನರ ಕಾವಲನ್ನು ಅನ್ಯಮತೀಯರ ಕೈಗೆ ಕೊಟ್ಟ ಆ ವ್ಯವಸ್ಥೆಯ ಶಿಲಾಲೇಖವನ್ನು ಯಾತ್ರಿಕರು ಇಂದಿಗೂ ಕಾಣಬಹುದು. ಮೀರಾ ರೋಡಿನಿಂದ ಮಸ್ತಕಾಭಿಷೇಕಕ್ಕೆಂದು ಬಸ್ಸು ಮಾಡಿಕೊಂಡು ಹೋಗುವವರು ಅದರ ಪಕ್ಕದಲ್ಲಿಯೇ ಹಾದುಬರುತ್ತಾರೆ.

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಕರ್ಮವೀರ ಭಾವುರಾವ ಪಾಟೀಲರದ್ದಿದೆ. ಕುಂಭೋಜದಲ್ಲಿ ಹುಟ್ಟಿದ ಜೈನರು. ಅಸ್ಪೃಶ್ಯ ವಿದ್ಯಾರ್ಥಿಗಳ ವಸತಿಗೃಹದ ಸಮಾರಂಭಕ್ಕೆ ಹೋಗಿಬಂದು, ಶುದ್ಧಿಯ ಸ್ನಾನ ಮಾಡಲು ಒಪ್ಪದ ಕಾರಣಕ್ಕೆ ಕೊಲ್ಹಾಪುರದ ಜೈನ ಬೋರ್ಡಿಂಗಿನಿಂದ ಹೊರಬೀಳಬೇಕಾಯಿತೆಂದು ಅವರ ಚರಿತ್ರೆಗಳು ಹೇಳುತ್ತವೆ. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿದರು. ಅವರ ವಸತಿಗೃಹಗಳಲ್ಲಿ ಎಲ್ಲ ಜಾತಿಯ ಹುಡುಗರೂ ಕೂಡಿ ಉಂಡರು. ಇಂದು ಸಮಾಜದ ಸಭೆಗಳಲ್ಲಿ ಅವರ ಭಾವಚಿತ್ರಕ್ಕೆ ಹಾರ ಹಾಕಲಾಗುತ್ತದೆ. ಅವರನ್ನು ಹೊರಹಾಕಿದ ನಿಯಮ ಮಾತ್ರ ಹೆಸರು ಬದಲಿಸಿಕೊಂಡು ಸೊಸೈಟಿಯ ಕಚೇರಿಯಲ್ಲಿ ಕುಳಿತಿದೆ.

ಮಾಡಬೇಕಾದದ್ದು ದೊಡ್ಡದೇನೂ ಅಲ್ಲ. ಸೊಸೈಟಿಗಳ ವಾರ್ಷಿಕ ಮಹಾಸಭೆಗಳು ಸಾಮಾನ್ಯವಾಗಿ ಸೆಪ್ಟೆಂಬರಿನೊಳಗೆ, ಎಂದರೆ ಪರ್ವದ ಆಚೀಚೆಯೇ ನಡೆಯುತ್ತವೆ. ಕಮಿಟಿಯಲ್ಲಿರುವ ಕನ್ನಡ ಜೈನರು ಒಂದೇ ಒಂದು ಗೊತ್ತುವಳಿಯನ್ನು ಕಾರ್ಯಸೂಚಿಗೆ ಸೇರಿಸಲಿ: ಬಾಡಿಗೆದಾರ ಅಥವಾ ಖರೀದಿದಾರನನ್ನು ನಿರಾಕರಿಸಿದರೆ ಕಾರಣವನ್ನು ಬರೆದು, ನಿರಾಕರಿಸಿದ ಸದಸ್ಯರ ಸಹಿಯೊಂದಿಗೆ ನಡಾವಳಿಯಲ್ಲಿ ದಾಖಲಿಸತಕ್ಕದ್ದು. ವಾಸನೆ ಕಾರಣವಾದರೆ ವಾಸನೆ ಎಂದು ಬರೆಯಲಿ. ಹೆಸರು ಕಾರಣವಾದರೆ ಹೆಸರು ಎಂದು ಬರೆದು ಸಹಿ ಹಾಕಲಿ. ಗೊತ್ತುವಳಿಗೆ ಅನುಮೋದಕರಾಗಿ ಮಗದುಮ್ ಮನೆತನದವರೊಬ್ಬರು ಸಿಕ್ಕರೆ, ಆ ದಿನದ ಮಟ್ಟಿಗಾದರೂ ಅವರು ತಮ್ಮ ಹಳೆಯ ಅಡ್ಡಹೆಸರಿನಲ್ಲಿಯೇ ಸಹಿ ಮಾಡಲಿ.